ಬಾಯ್ಲರ್ ಮಾವ ಮತ್ತು ಸೈರನ್ನಿನ ಮಾತ್ರೆ

ಬಾಯ್ಲರ್ ಮಾವ ಯಾವುದನ್ನೂ ನೇರವಾಗಿ ಅಂಗೈಯಿಂದ ಮುಟ್ಟುವವರಲ್ಲ. ಬಾಗಿಲಿನ ಚಿಲಕವಾಗಲಿ, ಟೀ ಲೋಟವಾಗಲಿ, ಜ್ವರ ಬಂದವರ ಹಣೆಯಾಗಲಿ, ಮೊದಲು ಬೆರಳುಗಳನ್ನು ಮಡಚಿ ಕೈಯ ಹಿಂಬದಿಯನ್ನು ಅದರ ಸಮೀಪಕ್ಕೆ ಒಯ್ಯುತ್ತಾರೆ. ಒಂದು ಕ್ಷಣ ಉಸಿರು ಹಿಡಿಯುತ್ತಾರೆ. ಕಾವು ಎಷ್ಟೆಂದು ಅಂದಾಜು ಸಿಕ್ಕ ಮೇಲೆಯೇ ಮುಟ್ಟುತ್ತಾರೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಬಾಯ್ಲರ್ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದ ಕೈಗೆ ಅಂಟಿಕೊಂಡ ಅಭ್ಯಾಸ ಅದು. ನಡಿಗೆಯೂ ಹಾಗೆಯೇ. ತಲೆಯನ್ನು ಎಡಕ್ಕೆ ವಾಲಿಸಿ, ಸರಿಯಾಗಿ ಕೇಳಿಸುವ ಬಲಗಿವಿಯನ್ನು ಮುಂದಕ್ಕೆ ಮಾಡಿ, ಎಲ್ಲೋ ಆವಿ ಸೋರುತ್ತಿರುವ ಸದ್ದನ್ನು ಹುಡುಕುತ್ತಿರುವವರಂತೆ ಹೆಜ್ಜೆ ಇಡುತ್ತಾರೆ. ಕಾರ್ಖಾನೆ ಮುಚ್ಚಿ ಆರು ವರ್ಷವಾದರೂ ಅಲ್ಲಿಯ ಖಾಕಿ ಕೋಟು ಮೈಮೇಲಿಂದ ಇಳಿದಿಲ್ಲ. ಅದರ ಒಂದು ಜೇಬಿನಲ್ಲಿ ಟಾರ್ಚು, ಇನ್ನೊಂದರಲ್ಲಿ ಮೋಟು ಪೆನ್ಸಿಲ್ಲು ಮತ್ತು ಒರೆಸುವ ಬಟ್ಟೆ. ಹೇಗಿದ್ದೀರಿ ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ: "ಸದ್ಯಕ್ಕೆ ಏನೂ ಇಲ್ಲ."

ನಮ್ಮ ಬೀದಿಯವರು ಇದನ್ನು ತಮಾಷೆ ಮಾಡುತ್ತಿದ್ದರು. ಆದರೆ ಆ 'ಸದ್ಯಕ್ಕೆ'ಯ ಹಿಂದೆ ಒಂದು ಕಥೆಯಿತ್ತು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಹಿಂದಿನ ಬೀದಿಯ ಕಾರ್ಖಾನೆಯಲ್ಲಿ ಬಾಯ್ಲರಿನ ನೀರು ತಳ ಮುಟ್ಟಿದ್ದನ್ನು ಯಾರೂ ಗಮನಿಸಲಿಲ್ಲ. ಮಧ್ಯಾಹ್ನ ಅದು ಸಿಡಿಯಿತು. ಅಲ್ಲಿಯ ಆಪರೇಟರ್ ಬೆಳಿಗ್ಗೆಯಷ್ಟೇ ಮಾವನ ಜೊತೆ ನಿಂತು ಟೀ ಕುಡಿದಿದ್ದ. ಅಂದಿನಿಂದ ಮಾವ ಕಾಲು ಗಂಟೆಗೊಮ್ಮೆ ತಮ್ಮ ಬಾಯ್ಲರಿನ ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ನೋಡಿದರು. ಇಪ್ಪತ್ತೆಂಟು ವರ್ಷ ನೋಡಿದರು. ನೀರು ಒಂದು ಗೆರೆ ಇಳಿದರೂ ಕೈಲಿದ್ದದ್ದನ್ನು ಬಿಟ್ಟು ನೀರಿನ ಪಂಪಿನತ್ತ ಓಡುತ್ತಿದ್ದರು.

ಕಾರ್ಖಾನೆ ಮುಚ್ಚಿದ ದಿನ ಅವರ ಹಿಂದೆ ಒಂದು ನಾಯಿಯೂ ಬಂತು. ಬಾಯ್ಲರ್ ಕೋಣೆಯ ಬಿಸಿ ಗೋಡೆಗೆ ಒರಗಿ ಮಲಗುತ್ತಿದ್ದ, ಪಾಳಿ ಬದಲಾದಾಗಲೆಲ್ಲ ಸೈರನ್ನಿನ ಜೊತೆ ಕುತ್ತಿಗೆ ಎತ್ತಿ ಊಳಿಡುತ್ತಿದ್ದ ಕಂದು ನಾಯಿ. ಹೆಸರೂ ಸೈರನ್ನೇ. ಬೀದಿಗೆಲ್ಲ ಅತ್ತೆಯಾದ ಅವರ ಹೆಂಡತಿ ಬಾಗಿಲಲ್ಲೇ ಹೇಳಿದ್ದರು: "ರಿಟೈರ್ ಆದವರು ಹಾರ ಹಾಕ್ಕೊಂಡು ಬರ್ತಾರೆ, ಗಡಿಯಾರ ತಗೊಂಡು ಬರ್ತಾರೆ. ನೀವು ನಾಯಿ ತಂದ್ರಾ?" ಒಂದು ವಾರದೊಳಗೆ ಅದಕ್ಕೆ ಅನ್ನ ಕಲಸುತ್ತಿದ್ದವರು ಅವರೇ.

ಸೈರನ್ನಿಗೆ ಹತ್ತು ತುಂಬುವ ಹೊತ್ತಿಗೆ ವಿಚಿತ್ರ ಬಾಯಾರಿಕೆ ಶುರುವಾಯಿತು. ಬಟ್ಟಲು ಖಾಲಿ ಮಾಡಿ ಬಕೆಟ್ಟಿಗೆ ಬಾಯಿ ಹಾಕುತ್ತಿತ್ತು. ಹತ್ತು ಸಲ ಹೊರಗೆ ಕರೆದೊಯ್ದರೂ ಹಜಾರದಲ್ಲಿ ಉಚ್ಚೆ ಹೊಯ್ದು ತಪ್ಪಿತಸ್ಥನಂತೆ ಮೂಲೆಗೆ ಸರಿಯುತ್ತಿತ್ತು. ಎಷ್ಟು ತಿಂದರೂ ಹಸಿವು. ಹೊಟ್ಟೆ ಮಡಕೆಯಂತೆ ಜೋತು ಬಿತ್ತು, ಪಕ್ಕೆಯ ಕೂದಲು ಉದುರಿತು, ಸುಮ್ಮನೆ ಕೂತಿದ್ದರೂ ಮೈಲಿಗಟ್ಟಲೆ ಓಡಿ ಬಂದಂತೆ ಏದುಸಿರು.

"ವಯಸ್ಸಾದ್ಮೇಲೆ ಹೊಟ್ಟೆ ಬರುತ್ತೆ ರೀ, ನಿಮ್ದೇ ನೋಡ್ಕೊಳ್ಳಿ," ಎಂದರು ಅತ್ತೆ.

ಮಾವ ನಗಲಿಲ್ಲ. ನಾಯಿಯ ಎದೆಗೆ ಬಲಗಿವಿ ಆನಿಸಿ ಬಹಳ ಹೊತ್ತು ಕೂತರು. ಮರುದಿನ ಪಶುವೈದ್ಯೆಯ ಮುಂದಿದ್ದರು.

ವೈದ್ಯೆ ಚಿಕ್ಕ ವಯಸ್ಸಿನವರು, ಬಿಡಿಸಿ ಹೇಳುವ ತಾಳ್ಮೆಯಿದ್ದವರು. "ಇದಕ್ಕೆ ಕುಶಿಂಗ್ ಕಾಯಿಲೆ ಅಂತಾರೆ ಅಂಕಲ್. ಕಿಡ್ನಿ ಹತ್ರ ಸಣ್ಣ ಗ್ರಂಥಿ ಇದೆಯಲ್ಲ, ಅದು ಕಾರ್ಟಿಸಾಲ್ ಅನ್ನೋ ರಸಾನ ಜಾಸ್ತಿ ಸುರೀತಿದೆ."

"ವಾಸಿ ಆಗುತ್ತಾ ಡಾಕ್ಟ್ರಮ್ಮ?"

"ವಾಸಿ ಅಂತಲ್ಲ, ಹಿಡಿತದಲ್ಲಿ ಇಟ್ಕೋಬಹುದು. ದಿನಾ ಒಂದು ಕ್ಯಾಪ್ಸೂಲ್, ಊಟದ ಜೊತೆ. ಕಮ್ಮಿ ಆದ್ರೆ ಹೀಗೇ ಇರುತ್ತೆ. ಜಾಸ್ತಿ ಆಗಿ ಆ ರಸ ಪೂರ್ತಿ ನಿಂತುಹೋದ್ರೆ ನಾಯಿ ಉಳಿಯಲ್ಲ. ಅದಕ್ಕೇ ಆಗಾಗ ರಕ್ತ ನೋಡಿ ಡೋಸ್ ಸರಿ ಮಾಡ್ತಾ ಹೋಗ್ಬೇಕು. ನೀರು ಕುಡಿಯೋದು ಇಳೀತಾ ಬಂದ್ರೆ ಒಳ್ಳೇದು ಅಂತ ತಿಳ್ಕೊಳ್ಳಿ."

ಹೆಚ್ಚಾದರೂ ಅಪಾಯ, ಇಳಿದರೂ ಅಪಾಯ: ಇದು ಮಾವನಿಗೆ ತಿಳಿದ ಭಾಷೆ. ಕಾರ್ಖಾನೆಯಿಂದ ತಂದ ಖಾಲಿ ಲಾಗ್‌ಬುಕ್ಕೊಂದು ಅಟ್ಟದಿಂದ ಇಳಿಯಿತು. ಗೆರೆ ಹಾಕಿದ ಜಗ್ಗಿನಲ್ಲಿ ಅಳೆದ ನೀರು, ಟೇಪು ಸುತ್ತಿ ಅಳೆದ ಹೊಟ್ಟೆ, ನಿದ್ದೆಯಲ್ಲಿ ನಿಮಿಷಕ್ಕೆ ಎಷ್ಟು ಉಸಿರು, ಎಲ್ಲಕ್ಕೂ ಒಂದೊಂದು ಕಾಲಂ. "ಮದುವೆ ಆಗಿ ನಲವತ್ತು ವರ್ಷ ಆಯ್ತು, ನನ್ ನಾಡಿ ಒಂದು ದಿನ ಹಿಡಿದು ನೋಡಿದ್ದುಂಟಾ?" ಎಂದು ಅತ್ತೆ ಒಗ್ಗರಣೆಯ ಸದ್ದಿನ ನಡುವೆ ಕೇಳಿದರು. "ನೀನು ಬಾಯಿ ಬಿಟ್ಟು ಹೇಳ್ತೀಯಲ್ಲ, ಅದು ಹೇಳುತ್ತಾ?" ಎಂದರು ಮಾವ. ದಿನಕ್ಕೆ ನಾಲ್ಕು ಲೀಟರಿದ್ದ ನೀರು ಹದಿನೈದು ದಿನದಲ್ಲಿ ಎರಡೂವರೆಗೆ ಇಳಿಯಿತು. ಮಾವನ ಮುಖದ ಮೇಲಿನ ಒಂದು ಗೆರೆ ಸಡಿಲಾಯಿತು.

ಆಮೇಲೆ ರಕ್ತ ಪರೀಕ್ಷೆಯ ದಿನ ಬಂತು. ಅಂದು ಏನು ಮಾಡಬೇಕೆಂದು ಅಚ್ಚು ಹಾಕಿದ ಹಾಳೆಯೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಮಾವ ಅದನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಇಳಿಸಿದವರು ಮತ್ತೆ ಬಿಚ್ಚಲಿಲ್ಲ. ತಪಾಸಣೆ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಬರುವ ಮುನ್ನ ಬೆಂಕಿ ಆರಿಸಿ, ನೀರು ಬಸಿದು, ಒಳಗೆ ಉಜ್ಜಿ, ತಣ್ಣಗೆ ಖಾಲಿ ಮಾಡಿ ಇಟ್ಟು ಬಾಯ್ಲರನ್ನು ಒಪ್ಪಿಸಬೇಕು. ಮೂವತ್ತೊಂದು ತಪಾಸಣೆಗಳಲ್ಲಿ ಒಂದೂ ಆಕ್ಷೇಪಣೆ ಬಂದಿರಲಿಲ್ಲ. ಹಾಗಾಗಿ ಅಂದು ಬೆಳಿಗ್ಗೆ ಸೈರನ್ನಿಗೆ ಅನ್ನವೂ ಇಲ್ಲ, ಮಾತ್ರೆಯೂ ಇಲ್ಲ.

"ಒಂದು ತುತ್ತಾದ್ರೂ ಹಾಕ್ತೀನಿ ರೀ, ಹೇಗೆ ನೋಡ್ತಿದೆ ನೋಡಿ."

"ಇನ್ಸ್‌ಪೆಕ್ಷನ್ ದಿನ ಒಳಗೆ ಏನೂ ಇರಬಾರ್ದು ಕಣೇ."

ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ್ದು ಇಷ್ಟೇ: "ಹಾಳೇಲಿದ್ದ ಹಾಗೇ ಮಾಡಿದೀರಿ ತಾನೇ?" ಮಾವ ಎದೆಯುಬ್ಬಿಸಿ, "ಒಂದು ಚೂರೂ ಲೋಪ ಇಲ್ಲ," ಎಂದರು. ಸುಳ್ಳು ಹೇಳಿದರೆಂದಲ್ಲ, ಲೋಪವಾಗಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಫಲಿತಾಂಶದ ಅಂಕಿ ಬಹಳ ಮೇಲಿತ್ತು. ಮಾತ್ರೆ ಸಾಲುತ್ತಿಲ್ಲವೆಂದು ವೈದ್ಯೆ ಒಂದಿದ್ದದ್ದನ್ನು ಎರಡು ಮಾಡಿದರು.

ಎಂಟನೆಯ ದಿನ ನೀರು ಅರ್ಧ ಲೀಟರಿಗೆ ಬಂತು. ನೀರಿನ ಮಟ್ಟ ಇಳಿದರೆ ಜನ್ಮವಿಡೀ ನಡುಗಿದ ಮನುಷ್ಯ, ಅಂದು ಲಾಗ್‌ಬುಕ್ಕನ್ನು ಹೆಂಡತಿಯ ಮುಂದೆ ಹಿಡಿದು ಮಗುವಿನಂತೆ ಹಿಗ್ಗಿದರು. ಹಳೆಯ ಭಯ ಒಂದು ಸಲ ತಲೆಯೆತ್ತಿತ್ತೆಂದು ಆಮೇಲೆ ಒಪ್ಪಿಕೊಂಡರು. ಇಳಿದರೆ ಒಳ್ಳೆಯದೆಂದು ಡಾಕ್ಟ್ರಮ್ಮ ಹೇಳಿದ್ದರಿಂದ ಅದನ್ನು ಗದರಿಸಿ ಸುಮ್ಮನಾಗಿಸಿದ್ದರಂತೆ.

ಒಂಬತ್ತನೆಯ ದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದ ಕೂಗಿದರು. "ರೀ, ಇದು ಅನ್ನ ಮೂಸಿ ನೋಡಿ ಮುಖ ತಿರುಗಿಸ್ತು. ಬನ್ನಿ ಇಲ್ಲಿ." ತಟ್ಟೆಯ ಪಕ್ಕದಲ್ಲಿ ನೊರೆಯಂಥ ಹಳದಿ ವಾಂತಿ. ಸೈರನ್ ಏಳಲು ಹೋಯಿತು. ಹಿಂಗಾಲುಗಳು ಜಾರಿ ಅಗಲವಾದವು. ಮೈ ನಡುಗುತ್ತಿತ್ತು. ಮಾವ ಅದರ ಒಸಡಿಗೆ ಟಾರ್ಚು ಬಿಟ್ಟರು, ಬಿಳಿಚಿಕೊಂಡಿತ್ತು. ಕಿವಿ ತಣ್ಣಗಿತ್ತು. ಜಗತ್ತಿನಲ್ಲಿ ಬಿಸಿಯನ್ನೇ ಶಂಕಿಸುತ್ತ ಬಂದವರಿಗೆ ಆ ತಂಪನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಆಟೋದಲ್ಲಿ ನಾಯಿಯ ತಲೆ ಅತ್ತೆಯ ತೊಡೆಯ ಮೇಲಿತ್ತು, ಸೊಂಟ ಮಾವನ ಕೋಟಿನೊಳಗಿತ್ತು.

ವೈದ್ಯೆ ಮುಂಗಾಲಿಗೆ ಸೂಜಿ ಚುಚ್ಚಿ ಡ್ರಿಪ್ ಹಚ್ಚಿದರು, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು, ರಕ್ತವನ್ನು ಪರೀಕ್ಷೆಗೆ ಕಳಿಸಿದರು. "ಕಾರ್ಟಿಸಾಲ್ ತೀರಾ ಇಳಿದುಹೋದ ಹಾಗಿದೆ. ಆದ್ರೆ ಆವತ್ತು ಅಷ್ಟು ಮೇಲಿತ್ತಲ್ಲ?" ಎಂದು ತಮಗೆ ತಾವೇ ಹೇಳಿಕೊಂಡು, ಸಟ್ಟನೆ ತಿರುಗಿ ಕೇಳಿದರು: "ಅಂಕಲ್, ಟೆಸ್ಟ್ ದಿನ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿದ್ರಿ?"

ಮಾವನ ಕೈ ಹಾಳೆಯಿದ್ದ ಜೇಬಿನತ್ತ ಹೋಯಿತು.

"ಕೊಟ್ಟಿರ್ಲಿಲ್ಲ."

"ಊಟ?"

"ಖಾಲಿ ಹೊಟ್ಟೇಲಿ ತಂದಿದ್ದೆ. ತಪಾಸಣೆ ಅಂತ."

"ಅಯ್ಯೋ ಅಂಕಲ್! ಬೆಳಿಗ್ಗೆ ಊಟದ ಜೊತೆ ಮಾತ್ರೆ ಕೊಟ್ಟು, ನಾಲ್ಕು ಗಂಟೆ ಆದ್ಮೇಲೆ ನೋಡೋ ಟೆಸ್ಟ್ ಅದು. ಮಾತ್ರೆ ಒಳಗಿದ್ದಾಗ ಎಷ್ಟು ಕೆಲಸ ಮಾಡ್ತಿದೆ ಅಂತ ನೋಡೋಕೆ."

ಮಾವ, "ಉರೀತಿರುವಾಗ ನೋಡ್ಬೇಕಾಗಿದ್ದನ್ನ ಆರಿಸಿ ತಂದು ತೋರಿಸ್ದೆ," ಎಂದರು. ಅವರ ದನಿ ಅವರಿಗೇ ಕೇಳಿಸಿತೋ ಇಲ್ಲವೋ. ವೈದ್ಯೆ, "ನಾನೂ ಗಂಟೆ ಕೇಳ್ಬೇಕಿತ್ತು. ನಿಮ್ ಲಾಗ್‌ಬುಕ್ ನೋಡಿದ್ರೆ ನೀರು ಇಳೀತಿದ್ದದ್ದು ಗೊತ್ತಾಗ್ತಿತ್ತು. ಬರೀ ಅಂಕಿ ನೋಡಿ ಬರೆದುಬಿಟ್ಟೆ," ಎಂದರು. ಅದರಿಂದ ತಪ್ಪಿನಲ್ಲಿ ಮಾವನ ಪಾಲು ಕಡಿಮೆಯಾಗಲಿಲ್ಲ.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಸಂಜೆಯ ತನಕ ಕೂತರು. ಒಳಗೆ ಬಾಗಿಲು ಸದ್ದಾದಾಗಲೆಲ್ಲ ಮಾವನ ಬಲಗಿವಿ ಅತ್ತ ತಿರುಗುತ್ತಿತ್ತು. ಅತ್ತೆ ಬೈಯಬಹುದಿತ್ತು, ತುತ್ತು ಹಾಕುತ್ತೇನೆಂದಿದ್ದವರು ಅವರು. ಬೈಯಲಿಲ್ಲ. "ಟೀ ತರ್ಲಾ?" ಎಂದು ಮಾತ್ರ ಮೂರು ಸಲ ಕೇಳಿದರು, ಮೂರು ಸಲವೂ ತರಲಿಲ್ಲ. ಐದು ಗಂಟೆಯ ಸುಮಾರಿಗೆ ಕಾಂಪೌಂಡರ್ ತಲೆ ಹೊರಗಿಟ್ಟು, "ಯಾರ್ರೀ ಸೈರನ್ ಕಡೆಯವ್ರು? ನನ್ ಊಟದ ಡಬ್ಬಿ ಕಡೆ ಮೂತಿ ಚಾಚ್ತಿದೆ ನಿಮ್ ನಾಯಿ!" ಎಂದಾಗ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಾವ, "ಸದ್ಯಕ್ಕೆ," ಎಂದರು.

ಮೂರು ದಿನದ ನಂತರ ಸೈರನ್ ಮನೆಗೆ ಬಂತು. ಮಾತ್ರೆ ನಿಲ್ಲಿಸಿದ್ದಾಗಿತ್ತು. ತಿಂಗಳಾಗುವಷ್ಟರಲ್ಲಿ ಬಕೆಟ್ಟಿನ ಬಾಯಾರಿಕೆ ಮರಳಿತು, ಏದುಸಿರು ಮರಳಿತು. ವೈದ್ಯೆ ಮತ್ತೆ ರಕ್ತ ನೋಡಿ, ನಾಳೆಯಿಂದ ದಿನಕ್ಕೆ ಒಂದೇ ಒಂದು ಎಂದು ಬರೆದರು. ಮಾವನ ನಿಜವಾದ ಪರೀಕ್ಷೆ ಆಗ ಶುರುವಾಯಿತು. ಮರುದಿನ ಏಳು ಗಂಟೆಗೆ ಡಬ್ಬಿಯ ಮುಂದೆ ನಿಂತವರು ಎಂಟಾದರೂ ಮುಚ್ಚಳ ತೆಗೆಯಲಿಲ್ಲ. ಕೊಡದಿದ್ದರೆ ಕಾಯಿಲೆ ಮೆಲ್ಲಗೆ ತಿನ್ನುತ್ತದೆ. ಕೊಟ್ಟರೆ, ಆ ತಣ್ಣನೆಯ ಕಿವಿ. ಎರಡು ದಿನ ಲಾಗ್‌ಬುಕ್ಕಿನ ಮಾತ್ರೆಯ ಕಾಲಂ ಖಾಲಿ ಉಳಿಯಿತು.

ಮೂರನೆಯ ದಿನ ಅತ್ತೆ ಕೈ ಚಾಚಿದರು. "ಕೊಡಿ ಇಲ್ಲಿ, ನಾನು ಹಾಕ್ತೀನಿ."

"ಬೇಡ. ಆವತ್ತು ಆಗಿದ್ದೂ ನನ್ ಕೈಯಿಂದ್ಲೇ."

ಬೇಯಿಸಿದ ಕೋಳಿಯ ಚೂರಿನೊಳಗೆ ಕ್ಯಾಪ್ಸೂಲನ್ನು ಅಡಗಿಸಿ, ಒಂದೇ ತಾನೇ ಎಂದು ಅತ್ತೆಗೂ ತೋರಿಸಿ, ಸೈರನ್ನಿನ ಬಾಯಿಯ ಹತ್ತಿರ ಹಿಡಿದರು. ನಾಯಿ ಅಗಿಯದೆ ನುಂಗಿ ಬಾಲ ಅಲ್ಲಾಡಿಸಿತು; ಅವರ ಮೇಲೆ ಅದಕ್ಕಿದ್ದ ನಂಬಿಕೆಯಲ್ಲಿ ಒಂದು ಎಳೆಯೂ ಸಡಿಲಾಗಿರಲಿಲ್ಲ. ಅದನ್ನು ತಾಳಿಕೊಳ್ಳುವುದು ಮಾವನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಮಧ್ಯಾಹ್ನದವರೆಗೂ ಅದರ ಪಕ್ಕದಿಂದ ಏಳಲಿಲ್ಲ.

ಮುಂದಿನ ರಕ್ತ ಪರೀಕ್ಷೆಗೆ ಏಳು ಗಂಟೆಗೆ ಊಟ, ಊಟದ ಜೊತೆ ಮಾತ್ರೆ, ಸರಿಯಾಗಿ ಹನ್ನೊಂದಕ್ಕೆ ಆಸ್ಪತ್ರೆ. ಅಂಕಿ ಇರಬೇಕಾದ ಎರಡು ಗೆರೆಗಳ ನಡುವೆ ಬಂತು. "ಚೆನ್ನಾಗಿದೆ ಅಂಕಲ್," ಎಂದರು ವೈದ್ಯೆ. "ಎಲ್ಲಿವರೆಗೆ?" ಎಂದು ಮಾವ ಕೇಳಿದರು. "ಮೂರು ತಿಂಗಳಿಗೆ ಮತ್ತೆ ನೋಡೋಣ."

ಇಂಥ ಮನುಷ್ಯರನ್ನು ನಾವು ಪುಕ್ಕಲರೆಂದು ಕರೆದು ನಕ್ಕು ಮುಂದೆ ಹೋಗುತ್ತೇವೆ. ಸೇತುವೆಯ ಬೋಲ್ಟು ಬಿಗಿಯುವವರು, ಲಿಫ್ಟಿನ ಹಗ್ಗ ಸವರಿ ನೋಡುವವರು, ಹಾಸಿಗೆ ಹಿಡಿದವರ ಉಸಿರು ಎಣಿಸುತ್ತ ಪಕ್ಕದಲ್ಲಿ ಕೂರುವವರು, ಎಲ್ಲರೂ ಈ ಒಂದೇ ಕುಲದವರು. ಏನೂ ಸಂಭವಿಸದ ಒಂದು ದಿನವನ್ನು ಇನ್ನೊಬ್ಬರಿಗೆ ಒದಗಿಸುವುದೇ ಇವರ ಕಸುಬು. ಆದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇವರೂ ತಪ್ಪುತ್ತಾರೆ, ಕೆಲವೊಮ್ಮೆ ತಮ್ಮ ಶಿಸ್ತಿನಿಂದಲೇ ತಪ್ಪುತ್ತಾರೆ. ತಪ್ಪಿದ ಮೇಲೆ ಭಯ ಇವರನ್ನು ಬಿಡುವುದಿಲ್ಲ, ಮನೆಯವರಲ್ಲೊಬ್ಬರಂತೆ ಜೊತೆಯಲ್ಲೇ ಉಳಿಯುತ್ತದೆ. ಆದರೂ ಮರುದಿನ ಏಳು ಗಂಟೆಗೆ ಎದ್ದು, ತಪ್ಪು ಮಾಡಿದ ಅದೇ ಕೈಯನ್ನು, ನಂಬಿ ಬಂದ ಬಾಯಿಯತ್ತ ಚಾಚಲು ಬೇಕಾದಷ್ಟು ಎದೆ ಇವರಿಗಿರುತ್ತದೆ. ಧೈರ್ಯವೆಂಬ ದೊಡ್ಡ ಮಾತನ್ನು ನಾವು ಇದಕ್ಕಿಂತ ಎಷ್ಟೋ ಸಣ್ಣ ಕೆಲಸಗಳಿಗೆ ಖರ್ಚು ಮಾಡಿದ್ದೇವೆ.