ಸದ್ದು ಮಾಡದ ಮೋಡ

ಬಡಗಿ ಕೆಲಸ ಮುಗಿಸಿ ಮನೆಗೆ ಬಂದಾಗ, ಮಗಳು ಬ್ಯಾಲೆ ನೃತ್ಯದ ಹೊಸ ಬೂಟನ್ನು ಬಾಗಿಲ ಸಂದಿಗಿಟ್ಟು ದಡದಡನೆ ಬಾಗಿಲು ಬಡಿಯುತ್ತಿದ್ದಳು. ಅವನ ಎದೆ ಧಸಕ್ಕೆಂದಿತು. ವರ್ಷವಿಡೀ ಕಾಲ್ಬೆರಳ ತುದಿಯ ಮೇಲೆ ನಿಲ್ಲಲು ಹೆಣಗಿದವಳು, ನಾಳೆ ಪ್ರದರ್ಶನವೆನ್ನುವಾಗ ಕೈಚೆಲ್ಲಿಬಿಟ್ಟಳೇ?

"ಯಾಕಮ್ಮಾ, ಟೀಚರ್ ಬೈದ್ರಾ?"

"ಇಲ್ಲಪ್ಪಾ. ಹೊಸ ಬೂಟಿನ ಮೂತಿ ಕಲ್ಲಿನ ಹಾಗಿರುತ್ತೆ, ಎಲ್ರೂ ಹೀಗೇ ಬಡಿದು ಹದ ಮಾಡ್ಕೊಳ್ತಾರೆ. ನಂದು ಮೋಡದ ಪಾತ್ರ. ಮೋಡ ಎಲ್ಲಾದ್ರೂ ಟಕ್ ಟಕ್ ಅಂತ ಓಡಾಡುತ್ತಾ? ನಾಳೆ ಬೆಳಿಗ್ಗೆ ತಾಲೀಮಲ್ಲಿ ಸದ್ದು ಬಂದ್ರೆ ನನ್ನನ್ನ ಹಿಂದಿನ ಸಾಲಿಗೆ ಹಾಕ್ತಾರಂತೆ."

"ಬೂಟು ಹದವಾಗೋಷ್ಟರಲ್ಲಿ ಬಾಗಿಲು ಕಿತ್ಕೊಂಡು ಬರುತ್ತೆ," ಎಂದಳು ಅಡುಗೆಮನೆಯಿಂದ ಹೆಂಡತಿ.

ಬಡಗಿಗೆ ಹೋದ ಜೀವ ಬಂದಂತಾಯಿತು. ಚೀಲದಿಂದ ಮರದ ಕೊಡತಿ ತೆಗೆದು, ಬೂಟಿಗೆ ಬಟ್ಟೆ ಸುತ್ತಿ, ಮೂತಿಯ ಅಂಚನ್ನಷ್ಟೇ ಮೆಲ್ಲಗೆ ತಟ್ಟತೊಡಗಿದ.

"ತೀರಾ ಮೆತ್ತಗೆ ಮಾಡ್ಬೇಡಿ ಅಪ್ಪಾ, ಆಮೇಲೆ ನಿಲ್ಲೋಕೇ ಆಗಲ್ಲ."

"ನಿನ್ನಪ್ಪ ಇವತ್ತು ನಿನ್ನೆ ಕೊಡತಿ ಹಿಡಿದವನಲ್ಲ, ಸುಮ್ನಿರು."

ಅವನು ತಟ್ಟುವುದು, ಅವಳು ತೊಟ್ಟು ನೆಗೆಯುವುದು, ಇಬ್ಬರೂ ಕಿವಿಗೊಡುವುದು. ಟಕ್ಕೆನ್ನುವುದು ನಿಂತ ಮೇಲೆಯೇ ಇಬ್ಬರೂ ಊಟಕ್ಕೆ ಕುಳಿತರು.

ಮರುದಿನ ಸಂಜೆ ಮೋಡಗಳು ರಂಗಕ್ಕೆ ಬಂದಾಗ ಮಗಳು ಮುಂದಿನ ಸಾಲಿನಲ್ಲೇ ಇದ್ದಳು. ಸಂಗೀತ ತಗ್ಗಿತು. ಯಾವುದೋ ಮೋಡದ ಕಾಲು ಟಕ್ ಎಂದಿತು. ಅಷ್ಟರಲ್ಲಿ ಮಗಳು ಎತ್ತರಕ್ಕೆ ನೆಗೆದು ಇಳಿದಳು. ಬಡಗಿ ಹೆಂಡತಿಯನ್ನು ಮೊಣಕೈಯಿಂದ ತಿವಿದ.

"ಕೇಳಿಸ್ತಾ?"

"ಏನೂ ಕೇಳಿಸ್ಲಿಲ್ವಲ್ರೀ."

"ಅದೇ ಮತ್ತೆ," ಎಂದು ಅವನು ಮೀಸೆ ತಿರುವಿದ, "ಅದು ನನ್ನ ಕೆಲಸ."