ತೊಲೆಯ ಕೆಳಗಿನ ಮಂಚ

ಚಾಮರಾಜಪೇಟೆಯ ಆ ಹೆಂಚಿನ ಮನೆಯ ಅಟ್ಟವನ್ನು ಮಲಗುವ ಕೋಣೆ ಮಾಡಿಕೊಟ್ಟವಳು ಇಂಜಿನಿಯರ್ ರಕ್ಷಿತಾ. ಮಳೆಗಾಲ ಮುಗಿಯುವ ಹೊತ್ತಿಗೆ ಬೀದಿ ಕಡೆಯ ಮಾಡು ನಡುವೆ ತಗ್ಗಿ, ಹೆಂಚುಗಳು ಹಲ್ಲು ಕಿರಿದುಕೊಂಡು ನಿಂತವು. ಮನೆಯೊಡತಿ ವಿಶಾಲಾಕ್ಷಮ್ಮ ಫೋನ್ ಮಾಡಿ, "ನಿಮ್ಮ ಹೆಂಚು ಡ್ಯಾನ್ಸ್ ಮಾಡ್ತಿದೆ, ಬಂದು ನೋಡಿ" ಎಂದರು.

ಹೆಂಚು ಹೊದಿಸಿದ್ದ ಮುನಿಸ್ವಾಮಿಯನ್ನು ರಕ್ಷಿತಾ ದಾರಿಯುದ್ದಕ್ಕೂ ಬೈದಳು. "ಹಳೇ ಹೆಂಚು ಹೊಸ ಹೆಂಚು ಮಿಕ್ಸ್ ಮಾಡ್ಬೇಡಿ ಅಂದಿದ್ನಲ್ಲ?"

"ಮಾಡಿಲ್ಲ ಮೇಡಂ. ಹತ್ತಿ ನೋಡಿ, ಆಮೇಲೆ ಬೈರಿ. ನಾನೆಲ್ಲಿಗೆ ಓಡಿಹೋಗ್ತೀನಿ?"

ವಿಶಾಲಾಕ್ಷಮ್ಮನವರ ಸೊಸೆ ಮಾನ್ಯ ಬಾಗಿಲಲ್ಲೇ ಕಾದಿದ್ದಳು. ಮದುವೆಯಾದಾಗಿನಿಂದ ಅವಳೂ ಗಂಡನೂ ಹಾಲಿನಲ್ಲಿ, ಅತ್ತೆಯ ಟೀವಿ ಪಕ್ಕ ಮಲಗಿದವರು. ಈ ಅಟ್ಟ ಅವರ ಮೊದಲ ಕೋಣೆ.

"ಕೋಣೆ ಮುಚ್ಚಬೇಕಾ?" ಅದೊಂದನ್ನೇ ಕೇಳಿದಳು.

"ನೋಡೋಣ" ಎಂದಳು ರಕ್ಷಿತಾ.

ಏಣಿ ಹತ್ತಿ, ಹೆಂಚು ಸರಿಸಿ, ಹೆಂಚು ಕೂರುವ ಮರದ ರೀಪಿನ ಗುಂಟ ದಾರ ಎಳೆದು ಹಿಡಿದರು. ಹೆಂಚುಗಳೆಲ್ಲ ಒಂದೇ ಅಚ್ಚಿನವು. ಆದರೆ ನಡುವೆ ದಾರಕ್ಕಿಂತ ರೀಪು ಕೈಬೆರಳು ತೂರುವಷ್ಟು ಕೆಳಗಿತ್ತು. ಸೂರಿನಡಿ ಗೋಡೆಯ ತಲೆ ಬೀದಿಯತ್ತ ವಾಲಿ ಗಾರೆ ಬಿರಿದಿತ್ತು. ಹೆಂಚಿನದೇನೂ ತಪ್ಪಿಲ್ಲ, ಅದನ್ನು ಹೊತ್ತ ಮರವೇ ಸರಿದಿದೆ.

ಒಳಗೆ ಬಂದು ರಕ್ಷಿತಾ ಮಂಚದ ನೇರಕ್ಕೆ ಮೇಲಿದ್ದ ಪ್ಲೈವುಡ್ ಚಾವಣಿ ಬಿಚ್ಚಿಸಿದಳು. ಎರಡು ಇಳಿಜಾರುಗಳನ್ನು ಎಳೆದು ಹಿಡಿದಿರಬೇಕಾದ ಅಡ್ಡತೊಲೆ ಇರಲಿಲ್ಲ. ಎರಡು ಬದಿಯಲ್ಲೂ ಗರಗಸದ ಗುರುತಿನ ಮೋಟು ತುಂಡುಗಳಷ್ಟೇ ಇದ್ದವು.

"ಇದನ್ನ ಕೊಯ್ದಿದ್ದು ಯಾರು?"

"ನನ್ನ ನೋಡ್ಬೇಡಿ ಮೇಡಂ" ಎಂದ ಮುನಿಸ್ವಾಮಿ.

ಮೆಟ್ಟಿಲ ಬಳಿ ಮಾನ್ಯಳ ಜೊತೆ ನಿಂತಿದ್ದ ವಿಶಾಲಾಕ್ಷಮ್ಮ ಹೇಳಿದರು: "ನಿಮ್ಮ ಕೆಲಸ ಮುಗಿದ್ಮೇಲೆ ನಾನೇ ಬಡಗಿ ಕರೆಸಿ ಕೊಯ್ಸಿದ್ದು. ತೊಲೆ ಕೆಳಗೆ ಮಲಗಬಾರದು ಅಂತಾರಲ್ಲ. ಹೋದ ವರ್ಷ ಇವಳ ಹೊಟ್ಟೇಲಿದ್ದದ್ದು ಹೋಯ್ತು. ಇನ್ನೊಂದ್ಸಲ ಹಂಗಾದ್ರೆ ಇವಳು ತಡ್ಕೋತಾಳಾ?"

ರಕ್ಷಿತಾ ದನಿ ತಗ್ಗಿಸಿ ಹೇಳಿದಳು: "ಅಮ್ಮಾ, ಹೊಸ ತೊಲೆ ಇದೇ ಜಾಗದಲ್ಲಿ ಕೂರಿಸ್ಬೇಕು. ಇಲ್ಲಾಂದ್ರೆ ಕೋಣೆ ಖಾಲಿ ಮಾಡ್ಸಿ. ಗೋಡೆ ಇನ್ನೂ ವಾಲುತ್ತೆ."

"ಮಂಚ ಆ ಕಡೆ ಹಾಕಿದ್ರೆ?"

"ಆ ಕಡೆ ಎದ್ದು ಕೂತ್ರೆ ಮಾಡು ತಲೆಗೆ ಬಡಿಯುತ್ತೆ."

"ಹಂಗಾದ್ರೆ ಕೆಳಗೇ ಮಲಗ್ಲಿ ಬಿಡಿ."

ಮಾನ್ಯ ಬಾಯಿಬಿಟ್ಟಳು. "ಅತ್ತೆ, ಮಗು ಹೋದಾಗ ನಾನು ಕೆಳಗೇ ಮಲಗ್ತಿದ್ದೆ. ಅಲ್ಲಿ ತಲೆ ಮೇಲೆ ಬರೀ ಕಾಂಕ್ರೀಟ್ ಮೋಲ್ಡು, ತೊಲೆ ಇರ್ಲಿಲ್ಲ. ಅವತ್ತು ಅಳೋಕೂ ಬಚ್ಚಲಿಗೆ ಹೋಗಿದ್ದೆ. ನನಗೆ ಬಾಗಿಲಿರೋ ಕೋಣೆ ಬೇಕು."

ವಿಶಾಲಾಕ್ಷಮ್ಮ ಕೆಳಗಿಳಿದರು.

ಮರುವಾರ ಜಾಕಿ ಕೊಟ್ಟು ಮಾಡನ್ನು ಎತ್ತಿ, ಸರಿದ ಮರಗಳನ್ನು ಒಳಕ್ಕೆ ಎಳೆದರು. ಹೊಸ ತೊಲೆ ಎತ್ತುವ ಮುಂಚೆ ವಿಶಾಲಾಕ್ಷಮ್ಮ ವಿಭೂತಿ ಹಿಡಿದು ಮೇಲೆ ಬಂದರು. ತೊಲೆಯ ಮೇಲೆ ಮೂರು ಬೆರಳು ಎಳೆದು, "ಈ ಮುಖ ಕೆಳಗಿರ್ಲಿ, ಮಲಗಿದ್ರೆ ಕಾಣೋ ಹಂಗೆ" ಎಂದರು. ಮುನಿಸ್ವಾಮಿ ತೊಲೆ ಮಗುಚಿದ.

ಹೆಂಚು ಹೊದಿಸಿದ ಮೇಲೆ ರಕ್ಷಿತಾ ಮತ್ತೆ ದಾರ ಹಿಡಿದು ನೋಡಿದಳು. ಸಾಲು ನೆಟ್ಟಗಿತ್ತು. ಕೆಳಗೆ ಅತ್ತೆಯ ಟೀವಿ ಜೋರಾಗಿ ಕೂಗುತ್ತಿತ್ತು. ಮಾನ್ಯ ಅಟ್ಟದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.