ಐಲೆವ್ ಬಳಿದ ಜಿಡ್ಡು

ಅಕ್ಟೋಬರ್‌ನಲ್ಲಿ ಬೈಕನ್ನು ಐಲೆವ್ ದಡದಲ್ಲಿ ದೋಣಿ ಇಡುವ ದೋಣಿಮನೆಯೊಳಗೆ ತಳ್ಳಿದ್ದು ನಾನು. ಮೇ ಒಂದರ ಬೆಳಿಗ್ಗೆ ಹೊರಗೆ ಎಳೆದದ್ದೂ ನಾನು. ನಡುವಿನ ಆರು ತಿಂಗಳಲ್ಲಿ ಅದರ ಹತ್ತಿರ ಒಂದು ಸಲವೂ ಸುಳಿಯದ ನನ್ನ ಅಕ್ಕ ಗುನ್ವೋರ್, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಬಂದು ಕೀ ಕೊಡು ಎಂದು ಕೈಚಾಚಿದಳು.

ಕೊಡುವುದಿಲ್ಲ ಎನ್ನಲು ನನಗೆ ಬಾಯಿರಲಿಲ್ಲ. ಬೈಕು ಇಬ್ಬರದು, ಲೈಸೆನ್ಸ್ ಮಾತ್ರ ಅವಳೊಬ್ಬಳದು. ನನ್ನದು ಸೆಪ್ಟೆಂಬರ್‌ನಿಂದ ಪೊಲೀಸರ ಹತ್ತಿರ ಇತ್ತು. ಸುರಂಗದೊಳಗೆ ನೂರ ನಲವತ್ತರಲ್ಲಿ ಹೋಗಿದ್ದೆ. ತಪ್ಪು ನನ್ನದೇ, ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಸಿಟ್ಟು ಇಳಿಯುತ್ತದೆಯೇ?

ಮೂರು ಶನಿವಾರ ಅದರ ಮುಂದೆ ಮಂಡಿಯೂರಿದ್ದೆ. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲು ಹಳಸಿ ವಾರ್ನಿಶ್‌ನಂತೆ ನಾರುತ್ತಿತ್ತು, ಚೆಲ್ಲಿದೆ. ಕಾರ್ಬೊರೇಟರ್ ಬಿಚ್ಚಿ ಅದರ ಸಣ್ಣ ಸಣ್ಣ ತೂತುಗಳಿಗೆ ಬಾಯಿಂದ ಊದಿ ಊದಿ ನನ್ನ ತುಟಿ ಮರಗಟ್ಟಿತು. ಗಾಳಿ ಹೋಗುವ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿತ್ತು. ಬ್ಯಾಟರಿ ಸತ್ತಿತ್ತು. ಇದೆಲ್ಲದರ ಮೇಲೆ ಐಲೆವ್‌ನ ಜಿಡ್ಡು ಬೇರೆ.

ಐಲೆವ್ ನಮ್ಮ ಪಕ್ಕದ ಮನೆಯವನು, ಎಪ್ಪತ್ತೆಂಟು ವರ್ಷದವನು. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು ಒಂದು ದೊಡ್ಡ ಡಬ್ಬಿಯಲ್ಲಿ ಅವನ ಬಳಿ ಯಾವಾಗಲೂ ಇರುತ್ತದೆ. ಅವನ ದೋಣಿಮನೆಯಲ್ಲಿ ಚಳಿಗಾಲ ಕಳೆಯುವ ಯಾವ ಕಬ್ಬಿಣಕ್ಕೂ ಆ ಜಿಡ್ಡು ತಪ್ಪಿದ್ದಲ್ಲ. ಲಂಗರು, ಕುಡುಗೋಲು, ಸರಪಳಿ, ಬಾಗಿಲಿನ ಕೀಲು. ಉಪ್ಪುಗಾಳಿ ಯಾರನ್ನೂ ಬಿಡುವುದಿಲ್ಲವಂತೆ, ಹಾಗಾಗಿ ಅವನೂ ಯಾವುದನ್ನೂ ಬಿಡುವುದಿಲ್ಲ, ಯಾರನ್ನೂ ಕೇಳುವುದೂ ಇಲ್ಲ. ಬೈಕಿನ ಎಂಜಿನ್ನಿಗೆ, ಹ್ಯಾಂಡಲ್ಲಿಗೆ, ಸೈಲೆನ್ಸರಿಗೆ ಬೆರಳು ದಪ್ಪ ಬಳಿದಿದ್ದ. ಸೀಮೆಎಣ್ಣೆಯಲ್ಲಿ ಅದನ್ನೆಲ್ಲ ಒರೆಸುವುದರಲ್ಲೇ ಒಂದು ಶನಿವಾರ ಹೋಯಿತು. ಬ್ರೇಕಿನ ಡಿಸ್ಕುಗಳು, ಮುಂದೊಂದು ಹಿಂದೊಂದು, ಹೊಸ ಚಮಚದಂತೆ ಹೊಳೆಯುತ್ತಿದ್ದವು. ತುಕ್ಕಿಲ್ಲವಲ್ಲ ಎಂದು ಖುಷಿಪಟ್ಟೆ. ಬ್ರೇಕ್ ಲಿವರ್ ಹಿಡಿದು ನೋಡಿದೆ, ಗಟ್ಟಿಯಾಗಿತ್ತು. ಅಷ್ಟಕ್ಕೇ ಬಿಟ್ಟೆ.

ಎಂಜಿನ್ನು ಹತ್ತನೇ ಸಲಕ್ಕೋ ಹನ್ನೊಂದನೇ ಸಲಕ್ಕೋ ಕೆಮ್ಮಿ, ಬಿಳಿ ಹೊಗೆ ಕಾರಿ ಹತ್ತಿಕೊಂಡಿತು. ಮೇ ಒಂದಕ್ಕೆ ವರ್ಷದ ಮೊದಲ ಸವಾರಿ. ಕೊಲ್ಲಿಯ ಆಚೆ ದಡದಲ್ಲಿ ಎಲ್ಲರೂ ಬೈಕು ಸಾಲಾಗಿ ನಿಲ್ಲಿಸಿ ವಾಫಲ್ ತಿಂದು ಕಾಫಿ ಕುಡಿಯುತ್ತಾರೆ. ವಾಹನ ದಾಟಿಸುವ ಹನ್ನೊಂದರ ಫೆರಿ ಹಿಡಿದು ಗುನ್ವೋರ್ ಅಲ್ಲಿಗೆ ಹೋಗಬೇಕಿತ್ತು.

ಒಂದು ಸುತ್ತು ನಾನು ಹೊಡೆದು ಕೊಡುತ್ತೇನೆ, ಈ ಅಂಗಳದಲ್ಲೇ, ಆಮೇಲೆ ತಗೊಂಡು ಹೋಗು ಎಂದೆ.

"ನಿನ್ನ ಸುತ್ತೆಲ್ಲ ಆ ಸುರಂಗದಲ್ಲೇ ಮುಗೀತು ಕಣೋ," ಎಂದಳು. "ನೀನು ಒರೆಸ್ಕೊಂಡು ಕೂತಿರು. ಅದಕ್ಕೆ ಲೈಸೆನ್ಸ್ ಬೇಡ."

ಕೀಯನ್ನು ಜಲ್ಲಿಯ ಮೇಲೆ ಎಸೆದೆ. ಅವಳು ಬಗ್ಗಿ ಎತ್ತಿಕೊಂಡಳು.

"ಹೋಗು, ಹಾಳಾಗಿ ಹೋಗು. ವಾಪಸ್ ಬರ್ಲೇಬೇಡ," ಎಂದೆ.

ಇದನ್ನು ನಾನು ಹೇಳಿದ್ದು ನಿಜ. ಯಾರ ಬಾಯಲ್ಲೂ ಬರುವ ಮಾತು, ಸಿಟ್ಟಿಗೆ ಬಂದದ್ದು ಎಂದು ಆಮೇಲೆ ಎಷ್ಟು ಸಮಾಧಾನ ಹೇಳಿಕೊಂಡರೂ, ಹೇಳಿದ್ದು ಹೇಳಿದ್ದೇ.

ಅವಳು ಏರುದಾರಿ ಹಿಡಿದು ಹೋದಳು. ನಾನು ಸೀಮೆಎಣ್ಣೆಯ ಬಟ್ಟೆಯನ್ನು ಗೋಡೆಗೆ ಹೊಡೆದೆ. ಅಷ್ಟರಲ್ಲಿ ಐಲೆವ್ ಕಾಫಿಯ ಫ್ಲಾಸ್ಕ್ ಹಿಡಿದು ಇಳಿದು ಬಂದ. ಎಲ್ಲಿ ಬೈಕು ಎಂದು ಕೇಳಿದ, ಹೋಯಿತು ಎಂದೆ. ತುಕ್ಕಿನ ಒಂದು ಚುಕ್ಕೆಯಾದರೂ ಕಂಡಿತೇ ಎಂದು ಕೇಳಿದ, ಇಲ್ಲ ಎಂದೆ. ಅವನ ಮುಖ ಅರಳಿತು.

"ಹೆಂಗೆ ಕಾಣತ್ತೆ? ಚಕ್ರದ ಹತ್ರ ಎರಡು ತಟ್ಟೆ ಇದಾವಲ್ಲ, ತೂತು ತೂತಿನವು? ಅವಕ್ಕೇ ಒಂದು ಮಧ್ಯಾಹ್ನ ಹಿಡೀತು ನೋಡು. ತೆಳ್ಳಗೆ ಬಳಿದು, ಒಂದೊಂದು ತೂತಿಗೂ ಬೆಂಕಿಕಡ್ಡಿ ತೂರಿಸಿ ತುಂಬಿದೀನಿ."

ಕಾಫಿ ಬಗ್ಗಿಸುತ್ತಿದ್ದ ಅವನ ಕೈಯನ್ನೇ ನೋಡಿದೆ. ಲಿವರ್ ಗಟ್ಟಿ ಇರುತ್ತದೆ, ಒಳಗಿನ ಎಣ್ಣೆ ಸರಿ ಇದ್ದರೆ ಇದ್ದೇ ಇರುತ್ತದೆ. ಎರಡೂ ಕಡೆಯಿಂದ ಪ್ಯಾಡು ಬಂದು ಕಚ್ಚುವುದು ಆ ತಟ್ಟೆಯನ್ನು. ಜಿಡ್ಡು ಬಳಿದ ತಟ್ಟೆಯನ್ನು ಅದು ಎಲ್ಲಿ ಕಚ್ಚೀತು, ಜಾರುತ್ತದೆ. ದೋಣಿಮನೆಯಿಂದ ರಸ್ತೆಗೆ ಏರು. ಅಲ್ಲಿಂದ ಐದು ಕಿಲೋಮೀಟರೂ ಏರೇ. ಅಷ್ಟು ದೂರ ಬ್ರೇಕ್ ಮುಟ್ಟುವ ಕೆಲಸವೇ ಬೀಳುವುದಿಲ್ಲ. ತುದಿ ದಾಟಿದ ಮೇಲೆ ಒಂಬತ್ತು ತಿರುವು, ಒಂದೇ ಇಳಿಜಾರು, ಕೆಳಗೆ ಫೆರಿಯ ಕಟ್ಟೆ. ರಸ್ತೆ ಅಲ್ಲಿ ಮುಗಿಯುವುದಿಲ್ಲ, ನೀರಿನೊಳಗೆ ಹೋಗುತ್ತದೆ.

ಫೋನ್ ಮಾಡಿದೆ. ರಿಂಗಾಯಿತು. ಮತ್ತೆ ಮಾಡಿದೆ. ಅವಳ ಜಾಕೆಟ್ಟಿನ ಒಳಜೇಬಿನಲ್ಲಿ ಅದು ಬಡಿದುಕೊಳ್ಳುತ್ತಿರುವುದು ನನಗೆ ಕಂಡ ಹಾಗಿತ್ತು.

ಐಲೆವ್‌ನ ವ್ಯಾನಿನಲ್ಲಿ ಕೀ ಯಾವಾಗಲೂ ನೇತಾಡುತ್ತಿರುತ್ತದೆ. ಹತ್ತಿದೆ. ಅವನು ಆ ಕಡೆಯಿಂದ ಬಾಗಿಲು ತೆಗೆದು, ಫ್ಲಾಸ್ಕ್ ಸಮೇತ ಹತ್ತಿದ.

"ನಿಂಗೆ ಲೈಸೆನ್ಸ್ ಇಲ್ಲ," ಎಂದ.

"ಬಾಗ್ಲು ಹಾಕ್ಕೋ."

ದಾರಿಯಲ್ಲಿ ಹೇಳಿದೆ. ಆ ತಟ್ಟೆಗಳು ಯಾತಕ್ಕೆ ಇರುವುದು, ಜಿಡ್ಡು ಬಿದ್ದರೆ ಏನಾಗುತ್ತದೆ, ಎಲ್ಲ. ಅವನಿಗೆ ದೋಣಿ ಗೊತ್ತು, ಕುರಿ ಗೊತ್ತು. ಬೈಕು ಹೇಗೆ ನಿಲ್ಲುತ್ತದೆ ಎಂದು ಅವನು ಯಾಕೆ ತಿಳಿದುಕೊಳ್ಳಬೇಕಿತ್ತು? ಅವನು ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಚಳಿಗಾಲಕ್ಕೆ ಮೊದಲು ಬಳಿದದ್ದು ಇನ್ನೂ ಅಂಟಿಕೊಂಡಿದೆ ಎನ್ನುವ ಹಾಗೆ ಒರೆಸುತ್ತಲೇ ಇದ್ದ.

ನಾಲ್ಕನೇ ಕಿಲೋಮೀಟರಿನಲ್ಲಿ ಅವಳು ಕಂಡಳು. ಎಂಜಿನ್ನು ಬಿಸಿಯಾಗುವವರೆಗೆ ಜೋರಾಗಿ ಓಡಿಸಬಾರದು ಎಂದು ಅವಳಿಗೆ ಗೊತ್ತಿತ್ತು, ನಿಧಾನವಾಗಿಯೇ ಹೋಗುತ್ತಿದ್ದಳು. ಆ ನಿಧಾನವನ್ನು ನೋಡಿ ನನಗೆ ಅಳು ಬಂತು. ಹಾರನ್ ಒತ್ತಿದೆ. ಹೆಡ್‌ಲೈಟನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದೆ. ಕಿಟಕಿಯಿಂದ ತಲೆ ಹಾಕಿ ಕೂಗಿದೆ.

ಅವಳು ಕನ್ನಡಿಯಲ್ಲಿ ನೋಡಿದಳು. ಎಡಗೈ ಎತ್ತಿದಳು, ನಡುಬೆರಳು ತೋರಿಸಿದಳು, ಎಕ್ಸಲರೇಟರ್ ತಿರುಗಿಸಿದಳು.

ನಾನೂ ಒತ್ತಿದೆ. ಅರವತ್ತು, ಎಪ್ಪತ್ತು. ನಾನು ಹತ್ತಿರವಾದಷ್ಟೂ ಅವಳು ಮುಂದೆ ಹಾರಿದಳು. ವ್ಯಾನು ನಡುಗುತ್ತಿತ್ತು. ತುದಿಗೆ ಇನ್ನೆರಡೇ ತಿರುವು. ಆಚೆಯ ಆಕಾಶ ಕಾಣತೊಡಗಿತು, ಅದರ ಕೆಳಗೆ ನೆಲ ಇಲ್ಲದ ಹಾಗೆ.

ಆಗ ಅರ್ಥವಾಯಿತು. ಅವಳ ಕನ್ನಡಿಯಲ್ಲಿ ಕಾಣುತ್ತಿರುವುದು ಯಾರು? ಹಾಳಾಗಿ ಹೋಗು ಎಂದವನು. ಕೀ ಎಸೆದವನು. ಬೈಕು ಕಿತ್ತುಕೊಳ್ಳಲು ಲೈಸೆನ್ಸ್ ಇಲ್ಲದೆ ವ್ಯಾನು ಕದ್ದು ಅಟ್ಟಿಸಿಕೊಂಡು ಬರುತ್ತಿರುವ ತಮ್ಮ. ನಾನು ಹಿಂದೆ ಇರುವವರೆಗೂ ಅವಳು ನಿಧಾನ ಮಾಡುವುದಿಲ್ಲ. ಅವಳನ್ನು ಇಳಿಜಾರಿಗೆ ಅಟ್ಟುತ್ತಿರುವುದೇ ನಾನು.

ಬ್ರೇಕ್ ಒತ್ತಿದೆ. ವ್ಯಾನು ರಸ್ತೆಯ ಅಂಚಿಗೆ ಹೋಗಿ ನಿಂತಿತು. ಲೈಟ್ ಆರಿಸಿದೆ, ಎಂಜಿನ್ ಆರಿಸಿದೆ.

"ಯಾಕೋ ನಿಲ್ಲಿಸ್ದೆ? ಹೊಡಿ, ಹೊಡಿ ಗಾಡಿ ಮುಂದಕ್ಕೆ," ಎಂದು ಐಲೆವ್ ನನ್ನ ತೋಳು ಹಿಡಿದು ಅಲ್ಲಾಡಿಸಿದ.

"ಸುಮ್ನಿರು ಐಲೆವ್. ಕೇಳಿಸ್ಕೋಬೇಕು."

ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಶಾಲೆ ಬಿಟ್ಟದ್ದೇ ಅದಕ್ಕೆ. ಆದರೆ ಕೂತೆ. ಅವಳು ತಿರುವಿನಲ್ಲಿ ಮರೆಯಾದಳು. ಉಳಿದದ್ದು ಸದ್ದು ಮಾತ್ರ. ಆ ಎಂಜಿನ್ನಿನ ಒಂದೊಂದು ಉಸಿರೂ ನನಗೆ ಗೊತ್ತು, ಬಿಚ್ಚಿ ಜೋಡಿಸಿದವನು ನಾನು. ನಾಲ್ಕನೇ ಗೇರು. ಏರುತ್ತಿದೆ. ಇನ್ನೂ ಏರುತ್ತಿದೆ. ಹೋಯಿತು ಎಂದುಕೊಂಡೆ. ಐಲೆವ್‌ನ ಬಾಯಿ ಏನೋ ಅನ್ನುತ್ತಿತ್ತು, ಪ್ರಾರ್ಥನೆಯೋ ಬೈಗುಳವೋ ತಿಳಿಯಲಿಲ್ಲ. ಆಮೇಲೆ ಸದ್ದು ಇಳಿಯಿತು. ಅವಳು ಕೈ ಸಡಿಲಿಸಿದ್ದಳು. ಮೂರನೇ ಗೇರು. ಎರಡು. ಒಂದು ಸಲ ಜೋರಾಗಿ ಕಿರುಚಿತು, ಏನೋ ಮೆತ್ತಗೆ ಕುಸಿದಂತಾಯಿತು, ನಿಂತುಹೋಯಿತು.

ಆಮೇಲೆ ಏನೂ ಇಲ್ಲ. ಎಲ್ಲೋ ಕುರಿಗಂಟೆ.

ನಾನು ಓಡಿದೆ. ಆ ಎರಡು ತಿರುವು ಓಡುವಾಗ ನನ್ನ ತಲೆಯಲ್ಲಿ ಅವಳ ಮುಖ ಬರಲೇ ಇಲ್ಲ. ಜಲ್ಲಿಯ ಮೇಲೆ ಬಗ್ಗಿ ಕೀ ಎತ್ತಿಕೊಳ್ಳುವ ಬೆನ್ನು ಮಾತ್ರ ಬಂತು.

ತುದಿಯಲ್ಲಿ, ಚಳಿಗಾಲದಲ್ಲಿ ರಸ್ತೆಯಂಚಿಗೆ ಸರಿಸಿದ ಹಿಮದ ರಾಶಿ ಸೊಂಟದೆತ್ತರಕ್ಕೆ ಇನ್ನೂ ಉಳಿದಿತ್ತು, ಕಪ್ಪಾಗಿ, ತೇವವಾಗಿ. ಬೈಕು ಹ್ಯಾಂಡಲ್ಲಿನವರೆಗೆ ಅದರೊಳಗೆ ಹೊಕ್ಕಿತ್ತು. ಗುನ್ವೋರ್ ಹೆಲ್ಮೆಟ್ ತೆಗೆದು ರಸ್ತೆಯ ಮೇಲೆ ಕೂತಿದ್ದಳು. ತುಟಿಗೆ ಬಣ್ಣವೇ ಇರಲಿಲ್ಲ.

"ಕನ್ನಡೀಲಿ ಇದ್ದಕ್ಕಿದ್ದಂಗೆ ನೀನು ಇರ್ಲಿಲ್ಲ," ಎಂದಳು. "ವ್ಯಾನ್ ಕೆಳಗೆ ಬಿತ್ತು ಅಂದ್ಕೊಂಡೆ. ತಿರುಗಿಸೋಣ ಅಂತ ಬ್ರೇಕ್ ಹಿಡಿದ್ರೆ ಹಿಡೀಲಿಲ್ಲ, ತೋರ್ಯುಸ್. ಎರಡೂ ಹಿಡೀಲಿಲ್ಲ. ಇದೊಂದೇ ಕಾಣಿಸ್ತು, ಹಿಮಕ್ಕೆ ನುಗ್ಗಿಸ್ದೆ."

ಅವಳ ಕಾಲಿನಿಂದ ಹತ್ತು ಹೆಜ್ಜೆ ಆಚೆ ಕಡಿದಾದ ಇಳಿಜಾರು ಶುರುವಾಗುತ್ತಿತ್ತು. ಕೆಳಗೆ ಫೆರಿ ಬಾಯಿ ತೆರೆದು ನಿಂತಿತ್ತು, ಕಾರುಗಳು ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಕಟ್ಟೆಯ ಮೇಲೆ ಜನ, ಇರುವೆಯಷ್ಟು.

ಐಲೆವ್ ಏದುಸಿರು ಬಿಡುತ್ತ ಬಂದು ತಲುಪಿದ. ಟೋಪಿ ಕೈಯಲ್ಲಿ ಹಿಡಿದಿದ್ದ.

"ಬ್ರೇಕ್ ನೋಡಿದ್ಯಾ ನೀನು?" ಎಂದು ಅವಳು ಕೇಳಿದಳು. ಬೈಯುವ ದನಿಯಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವಳಿಗೆ.

ಮುದುಕ ಬಾಯಿ ತೆರೆದ. ವ್ಯಾನಿನಲ್ಲಿ ಬರುವಾಗ ಇಡೀ ದಾರಿ ನನ್ನೊಳಗೆ ಒಂದೇ ಮಾತು ಓಡುತ್ತಿತ್ತು: ಇವನು, ಈ ಮುದುಕ, ಇವನ ಡಬ್ಬಿ. ಅದನ್ನು ಈಗ ಹೇಳಿಬಿಡಬಹುದಿತ್ತು.

"ಡಿಸ್ಕಿಗೆ ಜಿಡ್ಡಾಗಿತ್ತು. ನಾನು ಮುಟ್ಟಿ ನೋಡ್ಲಿಲ್ಲ," ಎಂದೆ. "ನೋಡ್ಬೇಕಾದೋನು ನಾನು."

ಅವಳು ಏಳಲು ಕೈ ಚಾಚಿದಳು. ಹಿಡಿದೆತ್ತಿದೆ.

ಗೇರು ತಪ್ಪಿಸಿ ಮೂವರೂ ಸೇರಿ ಬೈಕನ್ನು ಹಿಮದಿಂದ ಎಳೆದೆವು. ಚಕ್ರ ಡಾಂಬರಿಗೆ ತಾಗಿದ್ದೇ ತಡ, ಅದು ಇಳಿಜಾರಿನ ಕಡೆ ಹೊರಟಿತು. ನಾನು ಎರಡೂ ಕೈಯಿಂದ ಬ್ರೇಕ್ ಲಿವರ್ ಹಿಂಡಿದೆ. ಹೊರಟೇ ಇತ್ತು. ಗುನ್ವೋರ್ ಸೀಟಿಗೆ ಜೋತುಬಿದ್ದಳು, ಐಲೆವ್ ಹಿಂದಿನ ಚಕ್ರ ತಬ್ಬಿಕೊಂಡು ಕುಕ್ಕರಿಸಿದ. ಬೂಟು ಜಾರುತ್ತಿತ್ತು. ಒಂದೊಂದೇ ಗೇಣು ಹಿಂದಕ್ಕೆ ಎಳೆದು, ಅದರ ಮೂತಿಯನ್ನು ನಮ್ಮೂರ ಕಡೆ ತಿರುಗಿಸಿದೆವು. ಆ ಕಡೆಗೂ ಇಳಿಜಾರೇ.

"ಮಲಗಿಸಿಬಿಡು," ಎಂದಳು ಗುನ್ವೋರ್.

ಬೈಕನ್ನು ಯಾರೂ ಬೇಕೆಂದು ನೆಲಕ್ಕೆ ಮಲಗಿಸುವುದಿಲ್ಲ. ನಾನು ಮಲಗಿಸಿದೆ. ಟ್ಯಾಂಕಿನ ಬಣ್ಣ ಡಾಂಬರಿಗೆ ಉಜ್ಜಿತು, ಹೊಸ ಪೆಟ್ರೋಲು ಮುಚ್ಚಳದಿಂದ ತೊಟ್ಟಿಕ್ಕಿತು. ಕೆಳಗೆ ಫೆರಿ ಕೂಗಿ ಹೊರಟಿತು. ನಾವು ಮೂವರೂ ಬೈಕಿನ ಮೇಲೆ ಕೈ ಊರಿ ಕೂತಿದ್ದೆವು, ಬಿಟ್ಟರೆ ಎದ್ದು ಹೋದೀತು ಎನ್ನುವ ಹಾಗೆ.